ಮೇಲಿನ ಕೋಣೆಯ ಸೆಕೆ: ಎಸಿಗಿಂತ ಮೊದಲು ಟೆರೇಸ್ ನೋಡಿ

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ರಾತ್ರಿ ಹೊತ್ತು ಒಂದು ಸಣ್ಣ ವಲಸೆ ಶುರುವಾಗುತ್ತದೆ. ಮೇಲಿನ ಕೋಣೆಗಳಲ್ಲಿ ಮಲಗುವವರು ಚಾಪೆ, ತಲೆದಿಂಬು ಹಿಡಿದುಕೊಂಡು ಒಬ್ಬೊಬ್ಬರಾಗಿ ಕೆಳಗಿನ ಹಾಲ್‌ಗೆ ಇಳಿಯುತ್ತಾರೆ. ಗಂಡು ಮಕ್ಕಳು ಸಿಟೌಟಿನಲ್ಲಿ ಬಿದ್ದುಕೊಳ್ಳುತ್ತಾರೆ. ಆದರೆ ಎಲ್ಲರಿಗೂ ಹಾಗೆ ಇಳಿದು ಬರಲು ಆಗುವುದಿಲ್ಲ. ಗಂಡ ಗಲ್ಫಿನಲ್ಲಿದ್ದಾನೆ, ಕೆಳಗೆ ಮಾವ ಮಲಗಿದ್ದಾರೆ, ಹಾಲ್‌ನಲ್ಲಿ ಮೈದುನಂದಿರು ಇದ್ದಾರೆ. ಹಸುಗೂಸು ಕಟ್ಟಿಕೊಂಡು ಮೇಲಿನ ಕೋಣೆಯಲ್ಲೇ ಉಳಿಯುವ ಸೊಸೆ ಎಲ್ಲಿಗೆ ಹೋಗಬೇಕು? "ಸೆಕೆ ಆಗ್ತದೆ" ಎಂದರೆ "ಮೇಲೆ ಅಟ್ಯಾಚ್ಡ್ ರೂಮು ಕೊಟ್ಟಿದ್ದೇವಲ್ಲ, ಫ್ಯಾನು ಜೋರು ಇಡು" ಎಂಬ ಉತ್ತರ ಬರುತ್ತದೆ. ಅವಳು ಸುಮ್ಮನಾಗುತ್ತಾಳೆ.

ಬೆಳಗ್ಗಿನ ಮದ್ರಸದಲ್ಲಿ ಪಾಠ ಮಾಡುವ ನಮಗೆ ಇದರ ಲೆಕ್ಕ ಬೇರೆ ರೀತಿಯಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕಿತಾಬಿನ ಮೇಲೆ ತಲೆ ಇಟ್ಟು ತೂಕಡಿಸುತ್ತಾರೆ. ಕುತ್ತಿಗೆ ತುಂಬ ಬೆವರುಸಾಲೆ. "ರಾತ್ರಿ ನಿದ್ದೆ ಬರಲಿಲ್ವಾ?" ಎಂದು ಕೇಳಿದರೆ "ಮೇಲೆ ಭಯಂಕರ ಸೆಕೆ ಉಸ್ತಾದ್" ಎನ್ನುತ್ತಾರೆ. ದೊಡ್ಡ ಮನೆ, ಚಂದದ ಮನೆ, ಆದರೆ ಮಲಗುವ ಕೋಣೆಯಲ್ಲಿ ಮಲಗಲು ಆಗುವುದಿಲ್ಲ. ಮನೆ ಕಟ್ಟಿದ್ದು ಯಾರಿಗೆ ಎಂದು ನಾವೆಲ್ಲ ಒಮ್ಮೆ ಯೋಚಿಸಬೇಕು.

ಸೆಕೆ ಬರುವುದು ತಲೆಯ ಮೇಲಿನಿಂದ

ಮೇಲಿನ ಕೋಣೆ ಬಿಸಿಯಾದರೆ ನಾವು ಮೊದಲು ನೋಡುವುದು ಕಿಟಕಿಯನ್ನು, ಆಮೇಲೆ ಫ್ಯಾನನ್ನು, ಕೊನೆಗೆ ಎಸಿ ಅಂಗಡಿಯನ್ನು. ನಿಜವಾಗಿ ನೋಡಬೇಕಾದ್ದು ಟೆರೇಸನ್ನು.

ಮದ್ರಸದಲ್ಲಿ ನಮಾಝಿನ ಸಮಯ ಕಲಿತವರಿಗೆಲ್ಲ ನೆರಳಿನ ಲೆಕ್ಕ ಗೊತ್ತು. ಸೂರ್ಯ ನೆತ್ತಿಯಿಂದ ವಾಲಿದ ಮೇಲೆ ಳುಹ್ರ್, ವಸ್ತುವಿನ ನೆರಳು ಮಧ್ಯಾಹ್ನದ ನೆರಳನ್ನು ಬಿಟ್ಟು ಅದರಷ್ಟೇ ಉದ್ದವಾದಾಗ ಅಸ್ರ್. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ 12 ಗಂಟೆ 30 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಂದರೆ ಆ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳುವುದು ಕಡಿಮೆ, ಇಡೀ ಬಿಸಿಲನ್ನು ಕುಡಿಯುವುದು ಟೆರೇಸು. ಆಗಸ್ಟ್ 18ರ ಸುಮಾರಿಗೆ ಸೂರ್ಯ ಮತ್ತೊಮ್ಮೆ ಹೀಗೆ ನೆತ್ತಿಗೆ ಬರುತ್ತಾನೆ. ಆಗ ಮಳೆಗಾಲದ ಮೋಡ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ನಾಲ್ಕೈದು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬ್. ಮಳೆಗಾಲದ ಪಾಚಿ ಒಣಗಿ ಅದರ ಮೇಲ್ಮೈ ಕಪ್ಪಾಗಿರುತ್ತದೆ. ಹಲಸಿನ ಹಪ್ಪಳ ಹಾಕಲು ಬರಿಗಾಲಿನಲ್ಲಿ ಟೆರೇಸ್ ಹತ್ತಿದ ಹೆಂಗಸರನ್ನು ಕೇಳಿ, ಹನ್ನೊಂದು ಗಂಟೆಗೇ ಕಾಲಿಡಲು ಆಗುವುದಿಲ್ಲ. ಕಪ್ಪಾದ ಟೆರೇಸಿನ ಮೈ ಬಿರುಬಿಸಿಲಿನಲ್ಲಿ 55-60 ಡಿಗ್ರಿ ಮುಟ್ಟುವುದುಂಟು. ಈ ಬಿಸಿ ಕೂಡಲೇ ಕೆಳಗೆ ಇಳಿಯುವುದಿಲ್ಲ. ಸ್ಲ್ಯಾಬಿನ ಒಳಗೆ ನಿಧಾನಕ್ಕೆ ಸರಿದು ಮೂರು-ನಾಲ್ಕು ಗಂಟೆ ಬಿಟ್ಟು ಅಡಿಭಾಗಕ್ಕೆ ತಲುಪುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲು ಕೋಣೆಗೆ ಬರುವುದು ಅಸ್ರ್ ಆದ ಮೇಲೆ. ಮಗ್ರಿಬ್ ಆಗಿ, ಇಶಾ ಆಗಿ, ಊಟ ಮುಗಿಸಿ ಮಲಗಲು ಹೋದಾಗ ಹೊರಗೆ ತಂಪು, ಒಳಗೆ ಮಾತ್ರ ರೊಟ್ಟಿಯ ಕಾವಲಿ. ಆಗ ಫ್ಯಾನ್ ಹಾಕಿದರೆ ಅದು ಸ್ಲ್ಯಾಬಿನ ಅಡಿಯಲ್ಲಿ ನಿಂತ ಬಿಸಿಗಾಳಿಯನ್ನೇ ನಮ್ಮ ಮೇಲೆ ತಳ್ಳುತ್ತದೆ.

ಹಂಚಿನ ಮನೆ ಯಾಕೆ ತಂಪಾಗಿತ್ತು?

ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಎಲ್ಲ ಕಡೆಗೆ ಹೋಯಿತು. ನಮ್ಮ ಹಿರಿಯರ ಮನೆಗಳೂ ಅದೇ ಹಂಚಿನವು. ಹಂಚು ತೆಳು, ಹಗಲು ಬೇಗ ಬಿಸಿಯಾದರೂ ಸಂಜೆ ಬೇಗ ತಣಿಯುತ್ತದೆ. ಹಂಚು ಹಂಚಿನ ಸಂದಿನಿಂದ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಹಂಚಿನ ಕೆಳಗೆ ಮರದ ಅಟ್ಟ ಇತ್ತು, ತೆಂಗಿನಕಾಯಿ, ಸೌದೆ, ಹಳೆ ಪಾತ್ರೆ ಎಲ್ಲ ಅಲ್ಲಿ. ಬಿಸಿಯನ್ನು ಅಟ್ಟ ತಿನ್ನುತ್ತಿತ್ತು, ಅದರ ಕೆಳಗೆ ಮನುಷ್ಯರು ಮಲಗುತ್ತಿದ್ದರು. ಈಗ ನಾವು ಅಟ್ಟದ ಜಾಗದಲ್ಲೇ ಮಂಚ ಹಾಕಿದ್ದೇವೆ, ಮೇಲೆ ಹಂಚಿನ ಬದಲು ಸ್ಲ್ಯಾಬ್ ಎಳೆದಿದ್ದೇವೆ.

ಇನ್ನೊಂದು ಸಂಗತಿ ಇದೆ. ಕಲಬುರಗಿ, ರಾಯಚೂರಿನಲ್ಲಿ ಹಗಲು ನಮಗಿಂತ ಎಷ್ಟೋ ಹೆಚ್ಚು ಬಿಸಿಲು. ಆದರೆ ಅಲ್ಲಿ ಗಾಳಿ ಒಣದು, ಬೆವರು ಬೇಗ ಆರುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಗಲು ಸಾಮಾನ್ಯವಾಗಿ 34 ಡಿಗ್ರಿ ಆಸುಪಾಸು, ರಾತ್ರಿ 25-26. ನಡುವಿನ ವ್ಯತ್ಯಾಸ ಎಂಟೊಂಬತ್ತು ಡಿಗ್ರಿ ಮಾತ್ರ. ಹಗಲು ಕಾದ ಸ್ಲ್ಯಾಬಿಗೆ ತಣಿಯಲು ರಾತ್ರಿ ಸಾಕಾಗುವುದಿಲ್ಲ. ಜೊತೆಗೆ ಸಮುದ್ರದ ತೇವ, ಬೆವರು ಮೈಮೇಲೆಯೇ ನಿಲ್ಲುತ್ತದೆ. ಹವಾಮಾನ ಇಲಾಖೆಯವರೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದ್ದಾರೆ. ಬಿಸಿಗಾಳಿ ಎಂದು ಘೋಷಿಸಲು ಬಯಲಿನ ಊರುಗಳಲ್ಲಿ ಕನಿಷ್ಠ 40 ಡಿಗ್ರಿ ಆಗಿರಬೇಕು, ಕರಾವಳಿಯಲ್ಲಿ 37 ಡಿಗ್ರಿ. ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು ಎಂಬುದು ಎರಡೂ ಕಡೆಗೆ ಇದೆ.

ಆದ್ದರಿಂದ ಬಯಲುಸೀಮೆಯ ಉಪಾಯಗಳೆಲ್ಲ ನಮಗೆ ಆಗಿ ಬರುವುದಿಲ್ಲ. ನೀರು ಹಾಕುವ ಏರ್ ಕೂಲರ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಗಾಳಿಯ ತೇವ ಜಾಸ್ತಿಯಾಗಿ ಸೆಕೆ ಇನ್ನೂ ಹೆಚ್ಚುತ್ತದೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವುದೂ ಹಾಗೆಯೇ.

ಮೊದಲ ಕೆಲಸ: ಟೆರೇಸಿಗೆ ನೆರಳು

ಎಲ್ಲಕ್ಕಿಂತ ಒಳ್ಳೆಯದು ಬಿಸಿಲು ಸ್ಲ್ಯಾಬಿಗೆ ಮುಟ್ಟದಂತೆ ಮಾಡುವುದು. ನಮ್ಮ ಜಿಲ್ಲೆಯಲ್ಲಿ ಮಳೆಯ ಸೋರಿಕೆಗೆ ಹೆದರಿ ಅನೇಕರು ಟೆರೇಸ್ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹಾಕಿಸುತ್ತಾರೆ. ಮಳೆಗೆ ಹಾಕಿದ ಶೀಟು ಬೇಸಿಗೆಗೂ ಛತ್ರಿ. ಆದರೆ ಒಂದು ಮಾತು ನೆನಪಿರಲಿ. ಕೆಲವರು ಸುತ್ತಲೂ ಶೀಟ್ ಹೊಡೆಸಿ ಪೂರ್ತಿ ಮುಚ್ಚಿಬಿಡುತ್ತಾರೆ, ಸಾಮಾನು ಇಡಲು ಜಾಗ ಆಯಿತು ಎಂದು. ಆಗ ಕಾದ ಶೀಟಿನ ಕೆಳಗೆ ಬಿಸಿಗಾಳಿ ಸಿಕ್ಕಿಹಾಕಿಕೊಂಡು ಅದೇ ಸ್ಲ್ಯಾಬನ್ನು ಬೇಯಿಸುತ್ತದೆ. ಬದಿಗಳು ತೆರೆದಿರಬೇಕು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಶೀಟಿನ ಬಣ್ಣ ಬಿಳಿ ಅಥವಾ ತಿಳಿ ಇದ್ದರೆ ಇನ್ನೂ ಒಳ್ಳೆಯದು. ಸಾಧ್ಯವಿದ್ದವರು ಶೀಟಿನ ಬದಲು ಹಂಚು ಹೊದಿಸಬಹುದು. ಹಳೆ ಮನೆ ಕೆಡವಿದಲ್ಲಿ ಒಳ್ಳೆಯ ಹಂಚು ಸಿಗುತ್ತದೆ. ಯಾವುದಾದರೂ ಸರಿ, ನಮ್ಮ ಮಳೆಗಾಲದ ಗಾಳಿಗೆ ಹಾರದಂತೆ ಬಂದೋಬಸ್ತು ಮಾಡಿಸಬೇಕು.

ಇಷ್ಟು ಖರ್ಚು ಮಾಡಲು ಆಗದವರಿಗೆ ಸುಣ್ಣ ಇದೆ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳುಹಿಸುತ್ತದೆ. ಗಲ್ಫಿನಲ್ಲಿ ದುಡಿದವರು ಬಿಳಿ ಕಂದೂರ ಯಾಕೆ ಹಾಕುತ್ತಾರೆಂದು ನೋಡಿದ್ದಾರೆ, ಮನೆಗೂ ಅದೇ ಉಡುಪು. ಅಹಮದಾಬಾದ್ ನಗರದಲ್ಲಿ 2017ರಿಂದ ಬಡವರ ಮನೆಗಳ ಮಾಡಿಗೆ ಬಿಳಿ ಬಳಿಯುವ ಕೆಲಸ ನಡೆಯುತ್ತಿದೆ. ತೆಲಂಗಾಣ ಸರಕಾರ 2023ರಲ್ಲಿ ತಂಪು ಮಾಡಿಗಾಗಿಯೇ ಒಂದು ನೀತಿ ತಂದಿದೆ. ಬಿಳಿ ಬಳಿದ ಸ್ಲ್ಯಾಬಿನ ಕೆಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಕಡಿಮೆಯಾಗುವುದುಂಟು. ಎರಡು ಡಿಗ್ರಿ ಅಂದರೆ ಕೇಳಲು ಸಣ್ಣದು. ಮಗು ರಾತ್ರಿ ಎಚ್ಚರವಾಗದೆ ಮಲಗಲು ಅಷ್ಟು ಸಾಕಾಗುತ್ತದೆ.

ಸುಣ್ಣ ಬಳಿಯುವುದು ಹೇಗೆ? ಫೆಬ್ರವರಿಯಲ್ಲೋ ಮಾರ್ಚ್ ಮೊದಲಿಗೋ ಟೆರೇಸಿನ ಪಾಚಿಯನ್ನು ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಬೇಕು. ಪಾಚಿಯ ಮೇಲೆ ಬಳಿದರೆ ಎದ್ದು ಹೋಗುತ್ತದೆ. ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿ, ಸೋಸಿ, ಹಿಡಿದುಕೊಳ್ಳಲು ಸ್ವಲ್ಪ ಅಂಟು ಅಥವಾ ಬಿಳಿ ಸಿಮೆಂಟ್ ಸೇರಿಸಿ, ಬಿಸಿಲು ಇಳಿದ ಹೊತ್ತಿನಲ್ಲಿ ಎರಡು ಕೋಟ್ ಕೊಡಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಬಳಿಯುವವರು ಕೈಗವಸು, ಕನ್ನಡಕ ಹಾಕಿಕೊಳ್ಳಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಮ್ಮ ಮಳೆಗೆ ಈ ಸುಣ್ಣ ಹೆಚ್ಚು ನಿಲ್ಲುವುದಿಲ್ಲ, ಮುಂದಿನ ವರ್ಷ ಪುನಃ ಬಳಿಯಬೇಕು. ಅಂಗಡಿಯಲ್ಲಿ ಸಿಗುವ ಟೆರೇಸಿನ ಬಿಳಿ ಪೇಂಟ್ ಕೆಲವು ವರ್ಷ ಬಾಳುತ್ತದೆ, ಆದರೆ ರೇಟು ಹೆಚ್ಚು. ಎರಡರಲ್ಲೂ ಒದ್ದೆಯಾದಾಗ ಜಾರುವುದಿದೆ, ಬಟ್ಟೆ ಒಣಗಿಸಲು ಹೋಗುವವರು ಜಾಗ್ರತೆ.

ಇದೂ ಬೇಡವಾದರೆ ಹಸಿರು ಬಲೆ. ನರ್ಸರಿಗಳಲ್ಲಿ ಕಟ್ಟುವಂತಹದ್ದು. ಮೂರು ತಿಂಗಳಿಗೆ ಕಟ್ಟಿ, ಮಳೆ ಶುರುವಾಗುವ ಮೊದಲು ಬಿಚ್ಚಿಡಬಹುದು. ತೆಂಗಿನ ಮಡಲು, ಅಡಿಕೆ ಸೋಗೆ ಹರಡುವುದು ಹಳೆಯ ಕ್ರಮ, ಖರ್ಚಿಲ್ಲದ್ದು. ಆದರೆ ಒಣಗಿದ ಸೋಗೆಗೆ ಬೆಂಕಿ ಬೇಗ ಹಿಡಿಯುತ್ತದೆ. ವಿದ್ಯುತ್ ತಂತಿ ಹತ್ತಿರ ಇದ್ದರೆ, ಅಡುಗೆಯ ಹೊಗೆಕೊಳವೆ ಇದ್ದರೆ ಬೇಡವೇ ಬೇಡ. ಪಶ್ಚಿಮದ ಬಾಲ್ಕನಿಯಲ್ಲಿ ದೊಡ್ಡ ಚಟ್ಟಿಯಲ್ಲಿ ಬಸಳೆ ನೆಟ್ಟು ಚಪ್ಪರ ಹಬ್ಬಿಸಿದರೆ ನೆರಳೂ ಆಯಿತು, ಪದಾರ್ಥವೂ ಆಯಿತು.

ಟೆರೇಸಿಗೆ ಸಂಜೆ ನೀರು ಬಿಡುವವರೂ ಇದ್ದಾರೆ. ಸ್ಲ್ಯಾಬ್ ತಣಿಯುವುದು ನಿಜ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ, ನೆರೆಮನೆಯವರು ಟ್ಯಾಂಕರ್ ಕಾಯುವಾಗ ಕುಡಿಯುವ ನೀರನ್ನು ಕಾಂಕ್ರೀಟಿಗೆ ಸುರಿಯುವುದು ಸರಿಯಲ್ಲ. ವುಳೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಮಕ್ಕಳಿಗೆ ಕಲಿಸುವ ನಾವು ಇದನ್ನು ಮರೆಯಬಾರದು.

ಗಾಳಿಯ ದಾರಿ

ಸ್ಲ್ಯಾಬಿನ ಬಿಸಿ ಕಡಿಮೆ ಮಾಡಿದ ಮೇಲೆ ಗಾಳಿಯ ವಿಷಯ. ಸಮುದ್ರದ ಹತ್ತಿರದ ಊರುಗಳಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಅದು ತಿರುಗಿ ಪೂರ್ವದಿಂದ, ಗುಡ್ಡದ ಕಡೆಯಿಂದ ನಿಧಾನಕ್ಕೆ ಬರುತ್ತದೆ. ಮೀನುಗಾರರಿಗೆ ಇದು ತಲೆತಲಾಂತರದಿಂದ ಗೊತ್ತು. ಹಾಗಾಗಿ ಮಲಗುವ ಹೊತ್ತಿಗೆ ಪೂರ್ವದ ಕಿಟಕಿ ತೆರೆದಿರಬೇಕು, ಅದಕ್ಕೆ ಎದುರಾಗಿ ಗಾಳಿ ಹೊರಗೆ ಹೋಗಲು ಇನ್ನೊಂದು ಕಿಟಕಿಯೋ ಬಾಗಿಲೋ ಇರಬೇಕು. ಒಂದೇ ಕಿಟಕಿಯ ಕೋಣೆಗೆ ಗಾಳಿ ನುಗ್ಗುವುದಿಲ್ಲ.

ಮೂರು ಗಂಟೆಯ ಮೇಲೆ ಪಶ್ಚಿಮದ ಕಿಟಕಿಗೆ ನೇರ ಬಿಸಿಲು. ಒಳಗೆ ದಪ್ಪ ಕರ್ಟನ್ ಎಳೆದರೆ ಪ್ರಯೋಜನ ಕಡಿಮೆ, ಗಾಜು ದಾಟಿ ಬಂದ ಬಿಸಿ ಒಳಗೇ ಉಳಿಯಿತು. ನೆರಳು ಹೊರಗಡೆ ಬೇಕು. ಬಿದಿರಿನ ಚಿಕ್, ಹಸಿರು ಬಲೆ, ಉದ್ದದ ಸಜ್ಜ ಯಾವುದಾದರೂ ಆದೀತು. ಇನ್ನೊಂದು ಗಮನಿಸಿ, ಏಪ್ರಿಲ್ ಕೊನೆಯ ನಂತರ ನಮ್ಮ ಊರಿನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಉತ್ತರದ ಗೋಡೆಗೆ ಬಿಸಿಲಿಲ್ಲ ಎಂಬ ಲೆಕ್ಕ ಮೇ ತಿಂಗಳಲ್ಲಿ ತಪ್ಪುತ್ತದೆ.

ಬಿಸಿಗಾಳಿ ಮೇಲಕ್ಕೆ ಏರುವ ಸ್ವಭಾವದ್ದು. ಕೆಳಗಿನ ಅಡುಗೆಮನೆಯ ಬಿಸಿ ಕೂಡ ಮೆಟ್ಟಿಲಿನ ದಾರಿಯಾಗಿ ಮೇಲೆ ಬಂದು ಟೆರೇಸಿನ ಬಾಗಿಲಿನ ಹತ್ತಿರ ನಿಲ್ಲುತ್ತದೆ. ಆ ಬಾಗಿಲಿಗೆ ಒಂದು ಗ್ರಿಲ್, ಸೊಳ್ಳೆ ಬಲೆ ಹಾಕಿಸಿ ಸಂಜೆಯಿಂದ ತೆರೆದಿಟ್ಟರೆ ಇಡೀ ಮನೆಯ ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ಮಗ್ರಿಬ್ ಆದ ಮೇಲೆ ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಕ್ಕೆ ಮುಖ ಮಾಡಿ ಇಟ್ಟು, ಎದುರಿನ ಕಿಟಕಿ ತೆರೆದು ಒಂದು ಗಂಟೆ ಓಡಿಸಿ. ಒಳಗಿನ ಬಿಸಿಗಾಳಿ ಹೋಗಿ ಹೊರಗಿನ ತಂಪುಗಾಳಿ ಬರುತ್ತದೆ. ಆಮೇಲೆ ಸೀಲಿಂಗ್ ಫ್ಯಾನ್ ಹಾಕಿದರೆ ಅದರ ಗಾಳಿಯೇ ಬೇರೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಉಂಟು. ಹೆಂಗಸರ ಕೋಣೆ ಎಂದು ಕಿಟಕಿಗಳನ್ನು ಹಗಲೂ ರಾತ್ರಿಯೂ ಮುಚ್ಚಿಡುತ್ತಾರೆ. ಪಕ್ಕದ ಮನೆಯ ಟೆರೇಸಿನಿಂದ ಕಾಣುತ್ತದೆ ಎಂಬ ಅಳುಕು ಸಹಜ. ಪರ್ದಾ ಬೇಕು, ಗಾಳಿಯೂ ಬೇಕು. ಹಿಂದಿನವರು ಇದಕ್ಕೆ ಮರದ ಜಾಲಿ ಮಾಡಿದ್ದರು, ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಈಗಲೂ ಮರದಲ್ಲೋ ಅಲ್ಯುಮಿನಿಯಮಿನಲ್ಲೋ ಓರೆ ಪಟ್ಟಿಗಳ ಕಿಟಕಿ ಮಾಡಿಸಬಹುದು. ಮೊದಲು ಸ್ಲ್ಯಾಬಿನ ಹತ್ತಿರ ಇರುತ್ತಿದ್ದ ವೆಂಟಿಲೇಟರ್‌ಗಳನ್ನು "ಎಸಿ ಹಾಕ್ಲಿಕ್ಕೆ ಉಂಟು" ಎಂದು ಈಗ ಇಡುವುದೇ ಇಲ್ಲ. ಬಿಸಿಗಾಳಿ ಹೋಗಲು ಅದೇ ದಾರಿಯಾಗಿತ್ತು, ಅಲ್ಲಿಂದ ಯಾರಿಗೂ ಏನೂ ಕಾಣುತ್ತಿರಲಿಲ್ಲ.

ಎಸಿ ಬೇಡವೇ?

ಬೇಡ ಎಂದಲ್ಲ. ಕಾಯಿಲೆಯ ಹಿರಿಯರಿದ್ದರೆ, ಬಾಣಂತಿ ಇದ್ದರೆ, ಸಾಮರ್ಥ್ಯ ಇದ್ದರೆ ಹಾಕಿಸಿ. ಆದರೆ ಬಿಸಿ ಸ್ಲ್ಯಾಬಿನ ಕೆಳಗೆ ಎಸಿ ಹಾಕುವುದೆಂದರೆ ಒಲೆ ಉರಿಯುತ್ತಿರುವಾಗಲೇ ಪಾತ್ರೆ ತಣಿಸಲು ಹೊರಟಂತೆ. ಮೊದಲು ಟೆರೇಸ್ ಸರಿ ಮಾಡಿದರೆ ಅದೇ ಎಸಿ ಕಡಿಮೆ ಹೊತ್ತು ಓಡುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. 2020ರಿಂದ ಮಾರುವ ಎಸಿಗಳು ತಾನಾಗಿ 24 ಡಿಗ್ರಿಯಲ್ಲಿ ಶುರುವಾಗಬೇಕೆಂದು ಕೇಂದ್ರ ಸರಕಾರದ ನಿಯಮ ಇದೆ. ಅದನ್ನು 18ಕ್ಕೆ ಇಳಿಸಿ, ಗಲ್ಫಿನಿಂದ ಬಂದ ದಪ್ಪ ಬ್ಲಾಂಕೆಟ್ ಹೊದ್ದು ಮಲಗುವುದು ನಮ್ಮಲ್ಲಿ ಕೆಲವರಿಗೆ ಅಭ್ಯಾಸ. 25-26ರಲ್ಲಿಟ್ಟು ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ನಿದ್ದೆಗೆ ಧಾರಾಳ ಸಾಕು. ಫ್ಯಾನ್ ಬದಲಿಸುವವರು ಬಿಎಲ್‌ಡಿಸಿ ಫ್ಯಾನ್ ಕೇಳಿ. ಹಳೆಯದು 70-80 ವ್ಯಾಟ್ ತಿಂದರೆ ಇದು ಅದರ ಅರ್ಧವೂ ತಿನ್ನುವುದಿಲ್ಲ. ಇನ್ವರ್ಟರಿನಲ್ಲೂ ಹೆಚ್ಚು ಹೊತ್ತು ನಡೆಯುತ್ತದೆ.

ಬಾಡಿಗೆಗೆ ಇರುವವರಿಗೆ, ಫ್ಲ್ಯಾಟಿನ ಕೊನೆಯ ಮಹಡಿಯವರಿಗೆ ಟೆರೇಸ್ ಸ್ವಂತದ್ದಲ್ಲ. ಮಾಲೀಕರನ್ನೋ ಅಸೋಸಿಯೇಶನಿನವರನ್ನೋ ಸುಣ್ಣಕ್ಕಾದರೂ ಒಪ್ಪಿಸಿ ನೋಡಿ. ಆಗದಿದ್ದರೆ ಮಂಚವನ್ನು ಪಶ್ಚಿಮದ ಗೋಡೆಯಿಂದ ದೂರ ಸರಿಸಿ, ಫೋಮ್ ಹಾಸಿಗೆ ಬದಲು ಹತ್ತಿಯ ಹಾಸಿಗೆ ಅಥವಾ ಚಾಪೆ ಹಾಸಿ, ಕಿಟಕಿಯ ಫ್ಯಾನಿನ ಉಪಾಯ ಮಾಡಿ.

ಮಕ್ಕಳು, ಗರ್ಭಿಣಿಯರು, ಹಿರಿಯರು

ಇದು ಬರೀ ಆರಾಮದ ಮಾತಲ್ಲ. ಹಸುಗೂಸಿಗೆ "ಸೆಕೆ ಆಗ್ತದೆ" ಎಂದು ಹೇಳಲು ಬರುವುದಿಲ್ಲ. ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಮೈ ಸುಡುತ್ತಿದ್ದರೆ, ಗಂಟೆಗಟ್ಟಲೆ ಮೂತ್ರ ಮಾಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ವೈದ್ಯರಿಗೆ ತೋರಿಸಿ. ಆರು ತಿಂಗಳೊಳಗಿನ ಮಗುವಿಗೆ ಸೆಕೆ ಎಂದು ನೀರು ಕುಡಿಸಬಾರದು. ತಾಯಿಯ ಹಾಲನ್ನೇ ಹೆಚ್ಚು ಸಲ ಕೊಡಬೇಕು, ನೀರು ಹೆಚ್ಚು ಕುಡಿಯಬೇಕಾದ್ದು ತಾಯಿ. ಗರ್ಭಿಣಿಯರಿಗೆ, ಬಿಪಿ-ಶುಗರ್ ಇರುವ ಹಿರಿಯರಿಗೆ ಸೆಕೆ ಬೇಗ ತಾಗುತ್ತದೆ. ಹಿರಿಯರು ಅರ್ಥವಿಲ್ಲದೆ ಮಾತಾಡತೊಡಗಿದರೆ, ಎಚ್ಚರ ತಪ್ಪಿದರೆ ಕೂಡಲೇ ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಏಪ್ರಿಲ್-ಮೇ ಎರಡು ತಿಂಗಳ ಮಟ್ಟಿಗೆ ಮಲಗುವ ಜಾಗ ಬದಲಿಸುವುದೂ ಒಂದು ಪರಿಹಾರ, ಅದಕ್ಕೆ ಐದು ಪೈಸೆ ಖರ್ಚಿಲ್ಲ. ಕೆಳಗಿನ ಒಂದು ಕೋಣೆಯನ್ನು ಬಾಣಂತಿಗೆ, ಗರ್ಭಿಣಿಗೆ, ಸಣ್ಣ ಮಕ್ಕಳಿಗೆ ಬಿಟ್ಟುಕೊಟ್ಟು ಗಟ್ಟಿಮುಟ್ಟಾದ ಗಂಡಸರು ಮೇಲೆ ಹೋಗಲಿ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದರ ಉಲ್ಟಾ. ಇದನ್ನು ಸೊಸೆ ಕೇಳಲಾರಳು. ಮನೆಯ ಯಜಮಾನರು, ಉಮ್ಮಂದಿರು ತಾವಾಗಿ ಹೇಳಬೇಕು: "ಮಗಳೇ, ಮಳೆ ಬರುವವರೆಗೆ ಮಗುವನ್ನು ಕರ್ಕೊಂಡು ಕೆಳಗೆ ಬಾ."

ಹೊಸ ಮನೆ ಕಟ್ಟುವವರಿಗೆ

ಪ್ಲ್ಯಾನ್ ಮಾಡಿಸುವಾಗ ಎಲಿವೇಶನ್ ಬಗ್ಗೆ ಹತ್ತು ಸಲ ಕೂತು ಮಾತಾಡುತ್ತೇವೆ. ಗಲ್ಫಿನಲ್ಲಿರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹೋಗುತ್ತದೆ, ಅಲ್ಲಿಂದ ಒಪ್ಪಿಗೆ ಬರುತ್ತದೆ. ಎದುರಿಗೆ ದೊಡ್ಡ ಗಾಜು, ಚಂದ ಕಾಣಲಿ ಎಂದು ಸಜ್ಜ ಇಲ್ಲದ ಕಿಟಕಿ, ಅಂಗಳಕ್ಕೆಲ್ಲ ಇಂಟರ್‌ಲಾಕ್. ಅಡ್ಡ ಬಂದ ಹಲಸಿನ ಮರ ಮೊದಲೇ ಹೋಗಿರುತ್ತದೆ. ಮರ ಇದ್ದರೆ ಅದೇ ದೊಡ್ಡ ಕೊಡೆ. ಇಂಟರ್‌ಲಾಕ್ ಇಡೀ ದಿನ ಕಾದು ಸಂಜೆ ಅದೇ ಬಿಸಿಯನ್ನು ಮನೆಯ ಕಡೆಗೆ ಬಿಡುತ್ತದೆ. ಮೇಸ್ತ್ರಿಯ ಹತ್ತಿರ, ಇಂಜಿನಿಯರರ ಹತ್ತಿರ ಈ ನಾಲ್ಕು ಪ್ರಶ್ನೆ ಕೇಳಿ: ಮೇಲಿನ ಸ್ಲ್ಯಾಬಿಗೆ ನೆರಳು ಯಾವುದು? ಮಲಗುವ ಕೋಣೆಗೆ ಎರಡು ಕಡೆ ಕಿಟಕಿ ಉಂಟಾ? ಕಿಟಕಿಗೆಲ್ಲ ಸಜ್ಜ ಉಂಟಾ? ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗುವ ದಾರಿ ಎಲ್ಲಿ?

ಆ ಮನೆಗಾಗಿ ಮಗ ಮರಳುಗಾಡಿನ ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದಿರುತ್ತಾನೆ. ಅವನ ಹೆಂಡತಿ ಮಕ್ಕಳು ಊರಿನಲ್ಲಿ ಅದೇ ಮನೆಯ ಮಹಡಿಯಲ್ಲಿ ಬೇಯುವುದು ಬೇಡ. ಈ ಶುಕ್ರವಾರ ಜುಮಾ ಮುಗಿಸಿ ಬಂದು ಊಟ ಮಾಡಿ, ಅಸ್ರ್ ಆದ ಮೇಲೆ ಒಮ್ಮೆ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಹತ್ತು ನಿಮಿಷ ಕೂತು ನೋಡಿ. ಆಮೇಲೆ ಸುಣ್ಣದ ಅಂಗಡಿಗೋ, ಶೀಟ್ ಹಾಕುವ ವೆಲ್ಡಿಂಗ್‌ನವರ ಹತ್ತಿರವೋ ಹೋಗಲು ಯಾರೂ ನೆನಪಿಸಬೇಕಾಗಿಲ್ಲ.